ಒಂದನೇ ಕ್ಲಾಸಿನಿಂದ ಹತ್ತರವರೆಗೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತು, ಹೆಡ್‌ಮಾಸ್ಟರಿಗೆ ಗೊತ್ತು, ಕೈ ತೋರಿಸಿದರೂ ಬಸ್ಸು ನಿಲ್ಲಿಸದೆ ಹೋಗುವ ಡ್ರೈವರಿಗಂತೂ ಚೆನ್ನಾಗಿಯೇ ಗೊತ್ತು. ಗೊತ್ತಿಲ್ಲದಿದ್ದವರು ಮಕ್ಕಳ ತಂದೆತಾಯಿಗಳು ಮಾತ್ರ. ಅವರ ಮುಂದೆ ನಾನು ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದೆ. ಸಿದ್ಧಲಿಂಗೇಶ್ ಬಂದ ದಿನ ತಡೆದುಕೊಳ್ಳಲಿಲ್ಲ. ತಡೆದುಕೊಂಡು ನಾಲ್ಕು ಪ್ರಶ್ನೆ ಕೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ನಾನು ಸಬಿಹಾ. ಮನೆ ಶಿಕಾರಿಪುರದಲ್ಲಿ, ಕೆಲಸ ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆಫೀಸಿನಿಂದ ಒಂದು ಪತ್ರ ಬರುತ್ತದೆ, ಅದಕ್ಕೆ ಮೂರು ಪ್ರತಿಯಲ್ಲಿ ಉತ್ತರ ಬರೆಯಬೇಕು. ಹನ್ನೊಂದು ವರ್ಷದಿಂದ ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು ಹತ್ತಿ ಇಳಿದು ಗಣಿತ ಕಲಿಸುತ್ತಿದ್ದೇನೆ. ಹಳ್ಳಿಯ ಮಕ್ಕಳು ಒಳ್ಳೆಯವು. ಆದರೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದವು. ಸೊರಬದಿಂದ ಒಂದು ಹಳದಿ ವ್ಯಾನು ಊರೂರಿಗೆ ಬಂದು ಇಂಗ್ಲಿಷ್ ಮೀಡಿಯಂಗೆ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ಮಕ್ಕಳ ಸಂಖ್ಯೆ ಇಳಿದರೆ ನಮ್ಮಲ್ಲಿ ಒಂದು ಹುದ್ದೆ ಹೆಚ್ಚುವರಿ ಎಂದಾಗುತ್ತದೆ. ಆ ಹುದ್ದೆಯಲ್ಲಿದ್ದವರು ಗಂಟುಮೂಟೆ ಕಟ್ಟಿಕೊಂಡು ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಹೋಗಬೇಕು. ಆ ವರ್ಷ ತೂಗುಗತ್ತಿ ಇದ್ದದ್ದು ಗಣಿತದ ಮೇಲೆ, ಅಂದರೆ ನನ್ನ ಮೇಲೆ.

ಜೂನ್ ಮೊದಲ ವಾರ. ಸಿದ್ಧಲಿಂಗೇಶ್ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಭತ್ತದ ಗದ್ದೆ, ಎರಡೆಕರೆ ಶುಂಠಿ, ಮಾತು ಕಡಿಮೆ, ಅಂಗಿ ಯಾವಾಗಲೂ ಇಸ್ತ್ರಿಯದು. ಅವರ ಮಗಳು ಗಂಗಾಶ್ರೀ ಎಂಟನೇ ಕ್ಲಾಸು ಮುಗಿಸಿದ್ದಳು. ಆ ಹುಡುಗಿಯ ಬಗ್ಗೆ ಒಂದು ಮಾತು ಹೇಳಬೇಕು. ಹಿಂದಿನ ವರ್ಷ ಅವರ ಶುಂಠಿ ಗಿಡ ಕೊಳೆತಾಗ ರೈತ ಸಂಪರ್ಕ ಕೇಂದ್ರದಿಂದ ಒಬ್ಬ ಮೇಡಂ ಬಂದು ಮಣ್ಣು ಕೆದಕಿ, ಬೇರು ಕತ್ತರಿಸಿ ನೋಡಿ ಹೋಗಿದ್ದರಂತೆ. ಅಂದಿನಿಂದ ಇವಳಿಗೆ ಅದೇ ಹುಚ್ಚು. ಕೃಷಿ ಕಾಲೇಜಿಗೆ ಹೋಗಬೇಕು, ಮಣ್ಣು ನೋಡುವ ಮೇಡಂ ಆಗಬೇಕು. ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬೇರಿನ ಚಿತ್ರ ಬರೆದು ನನ್ನ ಹತ್ತಿರ ಬೈಸಿಕೊಂಡಿದ್ದಳು.

"ಮೇಡಂ, ಗಂಗಾನ್ದು ಟಿ.ಸಿ. ಬೇಕಿತ್ತು" ಎಂದರು ಸಿದ್ಧಲಿಂಗೇಶ್. "ಒಂಬತ್ತನೇದಕ್ಕೆ ಸೊರಬಕ್ಕೆ ಹಾಕ್ತೀವಿ. ಇಂಗ್ಲಿಷ್ ಮೀಡಿಯಂ. ವ್ಯಾನ್ ಮನೆ ಹತ್ರಾನೇ ಬರ್ತೈತೆ."

"ಈಗ್ಯಾಕ್ರೀ, ಇನ್ನೆರಡು ವರ್ಷಕ್ಕೆ?"

"ಪಿಯುಸಿಲಿ ಸೈನ್ಸ್ ಅಂದ್ರೆ ಎಲ್ಲಾ ಇಂಗ್ಲಿಷೇ ಅಂತಲ್ಲ. ಈಗಿಂದ್ಲೇ ರೂಢಿ ಆಗ್ಲಿ ಅಂತ."

ಈಗ ಯೋಚಿಸಿದರೆ ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಂದೆಯಾದವನು ಯೋಚಿಸಬೇಕಾದ ರೀತಿಯಲ್ಲೇ ಯೋಚಿಸಿದ್ದರು. ಆದರೆ ಆ ವಾರ ಅವರು ಮೂರನೆಯವರು. ಮೊದಲಿನ ಇಬ್ಬರಿಗೆ ನಾನು ಬಾಯಿ ಮುಚ್ಚಿಕೊಂಡು ಟಿ.ಸಿ. ಬರೆದುಕೊಟ್ಟಿದ್ದೆ. ಇವರ ಮೇಲೆ ಎಲ್ಲವೂ ಒಟ್ಟಿಗೆ ಬಂತು.

"ಮಗಳ ಕಾಲ ಮೇಲೆ ನೀವೇ ಕಲ್ಲು ಹಾಕ್ತಿದ್ದೀರಿ, ಗೊತ್ತಾ ನಿಮ್ಗೆ?" ಎಂದೆ. ಎದ್ದು ಹೋಗಿ ಬೋರ್ಡಿನ ಮೇಲೆ ಒಂದರಿಂದ ಹತ್ತರವರೆಗೆ ಅಂಕಿ ಬರೆದೆ. ನೆಂಟರ ಮುಂದೆ ಮಗುವಿನ ಬಾಯಲ್ಲಿ ಮಗ್ಗಿ ಹೇಳಿಸಿದ ಹಾಗೆ ಆ ದೊಡ್ಡ ಮನುಷ್ಯನನ್ನು ಬೋರ್ಡಿನ ಮುಂದೆ ನಿಲ್ಲಿಸಿಕೊಂಡೆ.

"ಒಂದನೇ ಕ್ಲಾಸಿಂದ ಹತ್ತನೇ ಕ್ಲಾಸಿನ ತನಕ, ಹತ್ತಕ್ಕೆ ಹತ್ತೂ ವರ್ಷ, ಹಳ್ಳಿ ಶಾಲೇಲಿ ಓದಿದ ಮಕ್ಕಳಿಗೆ ಸಿಇಟಿಲಿ ಬೇರೆ ಸೀಟು ಇಟ್ಟಿದ್ದಾರೆ. ಗ್ರಾಮೀಣ ಕೋಟಾ ಅಂತ. ಹತ್ತೂ ವರ್ಷ ಕನ್ನಡ ಮೀಡಿಯಂನಲ್ಲಿ ಓದಿದ್ರೆ ಅದಕ್ಕೆ ಇನ್ನೊಂದು ಕೋಟಾ. ನಿಮ್ಮ ಮಗಳು ಎಂಟು ವರ್ಷ ಎರಡನ್ನೂ ಕಾಪಾಡ್ಕೊಂಡು ಬಂದಿದಾಳೆ. ಇನ್ನೆರಡೇ ವರ್ಷ. ನೀವು ಈಗ ಆ ವ್ಯಾನಿಗೆ ಹತ್ತಿಸಿದ್ರೆ ಎರಡೂ ಹೋಯ್ತು. ಸೊರಬ ಪಟ್ಟಣದ ಲೆಕ್ಕ, ಹಳ್ಳಿ ಅಲ್ಲ. ಒಂಬತ್ತು, ಹತ್ತು." ಎರಡು ಅಂಕಿಗಳ ಮೇಲೂ ಅಡ್ಡಗೆರೆ ಎಳೆದೆ. ಸೀಮೆಸುಣ್ಣ ಮುರಿಯಿತು.

ಸಿದ್ಧಲಿಂಗೇಶ್ ಬೋರ್ಡು ನೋಡಿದರು, ನನ್ನನ್ನು ನೋಡಿದರು. "ಇದ್ನ ಇಷ್ಟು ದಿನ ಯಾರೂ ಹೇಳ್ಲಿಲ್ಲಲ್ಲ" ಎಂದರು.

"ಈಗ ಹೇಳ್ತಿದೀನಲ್ಲ."

ಅವರು ತಗ್ಗಿದ ದನಿಯಲ್ಲಿ ಕೇಳಿದರು. "ಬೇಜಾರು ಮಾಡ್ಕೋಬ್ಯಾಡಿ ಮೇಡಂ. ಹುಡುಗ್ರು ಕಮ್ಮಿ ಆದ್ರೆ ನಿಮ್ಮ ಪೋಸ್ಟಿಗೆ ತೊಂದ್ರೆ ಅಂತೆ. ಹೌದಾ?"

ಮೈಯೆಲ್ಲ ಉರಿದುಹೋಯಿತು. ಉರಿದದ್ದು ಅದು ಸುಳ್ಳಾಗಿದ್ದರಿಂದಲ್ಲ. "ಹೌದ್ರೀ. ಅದೂ ನಿಜ. ನಾನು ಹೇಳಿದ ನಿಯಮಾನೂ ನಿಜ. ಬೇಕಾದ್ರೆ ಹೊರಗೆ ವಿಚಾರಿಸ್ಕೊಳ್ಳಿ" ಎಂದೆ. ಅವರು ಟಿ.ಸಿ. ಅರ್ಜಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟರು. ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಹೆಡ್‌ಮಾಸ್ಟರ್ ಶಿವಮೂರ್ತಪ್ಪನವರು ಕನ್ನಡಕ ಒರೆಸುತ್ತಾ, "ನಿಯಮ ಸರಿಯಾಗಿಯೇ ಹೇಳಿದ್ರಿ ಮೇಡಂ, ಸ್ವಲ್ಪ ಮೆತ್ತಗೆ ಹೇಳಬಹುದಿತ್ತು" ಎಂದರು.

ಎರಡು ದಿನ ಬಿಟ್ಟು ಸಿದ್ಧಲಿಂಗೇಶ್ ಮತ್ತೆ ಬಂದರು. ಅಷ್ಟರಲ್ಲಿ ಅವರು ಸೊರಬಕ್ಕೆ ಹೋಗಿ ಇಬ್ಬರನ್ನು ಕೇಳಿದ್ದರು, ಡಿಗ್ರಿ ಓದುವ ನೆಂಟರ ಹುಡುಗಿಯ ಕೈಯಲ್ಲಿ ಮೊಬೈಲಿನಲ್ಲಿ ನಿಯಮ ತೆಗೆಸಿ ಓದಿಸಿದ್ದರು. "ನೀವು ಹೇಳಿದ್ದು ಖರೇನೇ ಐತೆ. ವ್ಯಾನಿನವ್ರಿಗೆ ಬ್ಯಾಡ ಅಂದೆ. ಶನಿವಾರದ ತನಕ ನೋಡಿ, ಆ ಸೀಟು ಬೇರೆಯವ್ರಿಗೆ ಕೊಡ್ತಾರಂತೆ, ಕೊಡ್ಲಿ ಬಿಡಿ" ಎಂದರು. ಆಮೇಲೆ, "ಒಂದು ಮಾತು ಮುಚ್ಚಿಡಲ್ಲ ಮೇಡಂ. ನಿಯಮ ನಂಬಿದೆ. ನಿಮ್ಮನ್ನ ಪೂರ್ತಿ ನಂಬಕ್ಕೆ ಮನಸ್ಸು ಒಪ್ತಿಲ್ಲ. ನಿಮ್ಗೂ ಇದ್ರಾಗೆ ಲಾಭ ಐತಲ್ಲ" ಎಂದರು. ಮುಖಕ್ಕೆ ಹೊಡೆದ ಹಾಗೆ ಹೇಳಿದರೂ ಮೋಸವಿಲ್ಲದ ಮನುಷ್ಯ ಎಂದುಕೊಂಡೆ. ನಿಜ ಹೇಳಬೇಕೆಂದರೆ ನಾನು ಗೆದ್ದಿದ್ದೆ, ಹಾಗಾಗಿ ಆ ಮಾತು ಅಷ್ಟೇನೂ ನಾಟಲಿಲ್ಲ. ಆ ದಿನ ಮಧ್ಯಾಹ್ನದ ಊಟಕ್ಕೆ ಎರಡು ಸಲ ಸಾರು ಹಾಕಿಸಿಕೊಂಡೆ.

ಮರುದಿನ ಗುರುವಾರ. ಹುಮ್ಮಸ್ಸಿನಲ್ಲಿ ಗ್ರಾಮೀಣ ಪ್ರಮಾಣಪತ್ರದ ನಮೂನೆ ಪ್ರಿಂಟ್ ಮಾಡಿಸಿಕೊಂಡು ಬಂದೆ. ಅದಿನ್ನೂ ಹತ್ತನೇ ಕ್ಲಾಸು ಮುಗಿದ ಮೇಲೆ ಬೇಕಾಗುವುದು. ಆದರೂ ಈಗಲೇ ತುಂಬಿಟ್ಟು, ಆ ತಂದೆತಾಯಿಯ ಕೈಗೆ ಕೊಟ್ಟು, ಎಲ್ಲಿ ಯಾರ ಸಹಿ ಹಾಕಿಸಬೇಕು ಎಂದು ತೋರಿಸಬೇಕು ಅನಿಸಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಗಂಗಾಶ್ರೀಯನ್ನು ಕರೆದು ಕೂರಿಸಿಕೊಂಡೆ. ನಮೂನೆಯಲ್ಲಿ ಹತ್ತು ಸಾಲು. ಪ್ರತಿ ಸಾಲಿಗೂ ತರಗತಿ, ಶಾಲೆ, ಊರು, ವರ್ಷ.

"ಒಂದನೇ ಕ್ಲಾಸು?"

"ಇಲ್ಲೇ ಮಿಸ್, ಪಕ್ಕದ ಪ್ರೈಮರಿ ಸ್ಕೂಲು."

ಬರೆದೆ. "ಎರಡನೇದೂ ಇಲ್ಲೇ" ಎನ್ನುತ್ತಾ ಪೆನ್ನು ಕೆಳಗಿಳಿಸಿದೆ.

"ಅಲ್ಲ ಮಿಸ್, ಎರಡನೇದು ಶಿಕಾರಿಪುರ" ಎಂದಳು ಹುಡುಗಿ ಖುಷಿಯಿಂದ. "ಅಜ್ಜಿ ಮನೇಲಿದ್ದೆ. ತಂಗಿ ಹುಟ್ಟಿದ್ದು ಅಲ್ಲೇ. ಪುರಸಭೆ ಹಿಂದಿನ ಕನ್ನಡ ಶಾಲೆ, ನಿಮ್ಗೆ ಗೊತ್ತಿರ್ಬೇಕು. ಮೂರನೇದಕ್ಕೆ ಮತ್ತೆ ಇಲ್ಲಿಗೆ ಬಂದೆ."

ಗೊತ್ತಿತ್ತು. ಆ ಶಾಲೆಯ ಮುಂದೆಯೇ ನಾನು ದಿನಾ ಬಸ್ಸಿಗೆ ನಡೆಯುತ್ತೇನೆ. ಅದು ಊರ ನಡುವೆ ಇದೆ. ಯಾವ ಲೆಕ್ಕದಲ್ಲೂ ಅದು ಹಳ್ಳಿಯಲ್ಲ.

ಇಲ್ಲಿ ಇದು ಎಲ್ಲ ಮನೆಯಲ್ಲೂ ನಡೆಯುವುದೇ. ಎರಡನೇ ಹೆರಿಗೆಗೆಂದು ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಏಳನೇ ತಿಂಗಳಲ್ಲಿ ಹೋದರೆ ಬಾಣಂತನ ಮುಗಿಸಿ ಕೂಸಿಗೆ ಐದು ತಿಂಗಳು ತುಂಬಿದ ಮೇಲೆಯೇ ಬರುವುದು. ದೊಡ್ಡ ಕೂಸನ್ನು ಯಾರ ಹತ್ತಿರ ಬಿಡುವುದು? ಜೊತೆಗೆ ಕರೆದುಕೊಂಡು ಹೋಗಿ, ಅಲ್ಲಿಯ ಶಾಲೆಗೇ ಒಂದು ವರ್ಷ ಸೇರಿಸುತ್ತಾರೆ. ಅಜ್ಜಿ ಕೈಯ ಊಟ, ಮಾವನ ಸೈಕಲ್ಲು, ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ವರ್ಷವೇ ಇಲ್ಲ. ಅದರಲ್ಲಿ ಯಾರಿಗೂ ತಪ್ಪು ಕಾಣಿಸುವುದಿಲ್ಲ. ನನಗೂ ಕಾಣಿಸಿರಲಿಲ್ಲ. ಹತ್ತು ವರ್ಷ, ಹತ್ತಕ್ಕೆ ಹತ್ತೂ ವರ್ಷ ಎಂದು ಸೀಮೆಸುಣ್ಣ ಮುರಿದವಳು ನಾನು, ಆ ಹತ್ತರಲ್ಲಿ ಒಂದೊಂದನ್ನೂ ಅವಳು ಎಲ್ಲಿ ಕಳೆದಳು ಎಂದು ಕೇಳಿರಲಿಲ್ಲ.

"ಯಾಕ್ ಮಿಸ್, ಬರೀರಿ" ಎಂದಳು ಗಂಗಾಶ್ರೀ. ನಾನು ಪೆನ್ನು ಮುಚ್ಚಿ, ಉಳಿದದ್ದು ನಾಳೆ ಬರೆಯೋಣ ಎಂದು ಅವಳನ್ನು ಆಟಕ್ಕೆ ಕಳಿಸಿದೆ.

ಆ ಸಂಜೆ ಬಸ್ಸಿನಲ್ಲಿ ನನ್ನ ಮನಸ್ಸು ಎಂಥ ಕಳ್ಳ ಎಂದು ನನಗೆ ಗೊತ್ತಾಯಿತು. ಅದು ಹೇಳುತ್ತಿತ್ತು: ಆ ಒಂದು ವರ್ಷದಿಂದ ಕೋಟಾ ಹೋಗಿದೆ ಎಂಬುದು ನಿನ್ನನ್ನು ಬಿಟ್ಟು ಯಾರಿಗೂ ಹೊಳೆದಿಲ್ಲ, ಆ ತಂದೆತಾಯಿಗೂ ಇಲ್ಲ. ಮಗುವಿಗೆ ಅದರ ಅರ್ಥ ಗೊತ್ತಿಲ್ಲ. ಸಿಇಟಿ ಬರುವುದು ನಾಲ್ಕು ವರ್ಷದ ಮೇಲೆ, ಅಷ್ಟರಲ್ಲಿ ನೀನು ಎಲ್ಲಿರುತ್ತೀಯೋ. ಕನ್ನಡ ಮೀಡಿಯಂನ ಕೋಟಾ ಉಳಿದೇ ಇದೆಯಲ್ಲ, ಅದು ಸುಳ್ಳಲ್ಲವಲ್ಲ. ಒಂದು ಮಗು ಉಳಿದರೆ ಒಂದು ಸಂಖ್ಯೆ ಉಳಿಯಿತು. ಈಗ ಹೋಗಿ ಹೇಳಿದರೆ ಆ ಮನುಷ್ಯ ಏನೆಂದಾನು? ಇವಳಿಗೆ ನೆಟ್ಟಗೆ ಗೊತ್ತೂ ಇಲ್ಲ, ಹುದ್ದೆ ಉಳಿಸಿಕೊಳ್ಳಲು ಬಾಯಿಗೆ ಬಂದದ್ದು ಹೇಳಿದಳು ಎಂದೇ ಅನ್ನುತ್ತಾನೆ. ಅನ್ನಬಾರದೇಕೆ?

ಮನೆಯಲ್ಲಿ ನನ್ನ ಗಂಡ ನಯಾಜ್‌ಗೆ ಹೇಳಿದೆ. ಅವರದು ಹಾಸಿಗೆ ಹೊಲಿಯುವ ಅಂಗಡಿ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವರಲ್ಲ. ಎಲ್ಲ ಕೇಳಿ, "ಮೊದಲೇ ಕೇಳಿರ್ಲಿಲ್ವಾ ನೀನು?" ಎಂದರು, ಅಷ್ಟೇ. ಆ ರಾತ್ರಿ ನಾನು ಅವರ ಜೊತೆ ಮಾತಾಡಲಿಲ್ಲ. ಪಾಪ, ಅವರ ತಪ್ಪೇನೂ ಇರಲಿಲ್ಲ.

ಶುಕ್ರವಾರ ಕೊನೆಯ ಪಿರಿಯಡ್ ಮುಗಿದ ಕೂಡಲೇ ಬಸ್ಸಿನ ಕಡೆ ಹೋಗದೆ ಸಿದ್ಧಲಿಂಗೇಶರ ಮನೆ ಕಡೆ ನಡೆದೆ. ಸೊರಬದ ಶಾಲೆಯ ಸೀಟಿಗೆ ಇನ್ನೊಂದೇ ದಿನ ಉಳಿದಿತ್ತು. ಹೇಳುವುದಿದ್ದರೆ ಅವತ್ತೇ ಹೇಳಬೇಕಿತ್ತು. ಅವರು ಜಗುಲಿಯಲ್ಲಿ ಕೂತು ಔಷಧಿ ಸಿಂಪಡಿಸುವ ಕ್ಯಾನಿನ ನಳಿಗೆ ಬಿಚ್ಚುತ್ತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದರು. ಟೀಚರು ಮನೆಗೆ ಬಂದರೆ ಮಗು ಏನೋ ತಪ್ಪು ಮಾಡಿದೆ ಎಂದೇ ಅರ್ಥ. ಅವರ ಹೆಂಡತಿ ನೀಲಾಂಬಿಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಬರ್ರಿ ಅಕ್ಕೋರೆ, ಕೂರ್ರಿ" ಎಂದು ಕಂಬಳಿ ಹಾಸಿದರು. ಅವರನ್ನು ನಾನು ಅದುವರೆಗೆ ನೋಡಿದ್ದೇ ಒಂದೆರಡು ಸಲ. ಪೋಷಕರ ಸಭೆಗೆ ಗಂಡನೇ ಬರುತ್ತಿದ್ದರು.

"ಗಂಗಾ ಏನಾರ ಮಾಡಿದ್ಳಾ?" ಎಂದು ನೀಲಾಂಬಿಕ ಕೇಳಿದರು.

"ಇಲ್ಲ. ತಪ್ಪು ಮಾಡಿದ್ದು ನಾನು" ಎಂದೆ.

ಹೇಳಿದೆ. ಎರಡನೇ ಕ್ಲಾಸಿನ ವಿಷಯ ಹೇಳಿದೆ, ಶಿಕಾರಿಪುರ ಪುರಸಭೆಯೊಳಗೆ ಬರುತ್ತದೆ ಎಂದು ಹೇಳಿದೆ, ಹತ್ತರಲ್ಲಿ ಒಂದು ವರ್ಷ ತಪ್ಪಿದರೂ ಗ್ರಾಮೀಣ ಕೋಟಾ ಸಿಗುವುದಿಲ್ಲ ಎಂದು ಹೇಳಿದೆ. "ಆ ಕೋಟಾ ನೀವು ವ್ಯಾನಿಗೆ ಹತ್ತಿಸಿದ್ರೆ ಹೋಗುತ್ತೆ ಅಂದೆ. ಅದು ಏಳು ವರ್ಷದ ಹಿಂದೇನೇ ಹೋಗಿತ್ತು. ನಾನು ಕೇಳ್ದೇನೇ ಬೋರ್ಡ್ ಮೇಲೆ ಬರೆದುಬಿಟ್ಟೆ. ನಾಳೆ ಶನಿವಾರ. ಸೊರಬದ ಸೀಟು ಬೇಕಿದ್ರೆ ಇನ್ನೂ ಟೈಮಿದೆ, ಅದಕ್ಕೇ ಬಂದೆ."

ಸಿದ್ಧಲಿಂಗೇಶ್ ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ಬಾಯಿ ಬಿಡುವ ಮೊದಲೇ ನೀಲಾಂಬಿಕ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೂತುಬಿಟ್ಟರು.

"ನನ್ನ ಬಾಣಂತನದಿಂದಾನಾ?" ಎಂದರು.

ನಾನು ಕಂಬಳಿಯಿಂದ ಎದ್ದು ಅವರ ಹತ್ತಿರ ಕೂತೆ.

"ಇವ್ರು ಆವಾಗ್ಲೇ ಅಂದಿದ್ರು ಅಕ್ಕೋರೆ, ಗಂಗಾನ್ನ ಇಲ್ಲೇ ಬಿಟ್ಟು ಹೋಗು, ನಾನೇ ನೋಡ್ಕೋತೀನಿ ಅಂತ. ನಾನೇ ಕೇಳ್ಲಿಲ್ಲ. ಗಂಡಸು ಏನು ಜಡೆ ಹಾಕ್ತಾನೆ, ಏನು ಉಣ್ಣಾಕೆ ಹಾಕ್ತಾನೆ ಅಂತ ಹಟ ಮಾಡಿ ಕರ್ಕೊಂಡು ಹೋದೆ. ಅವ್ಳನ್ನ ಬಿಟ್ಟಿರಾಕೆ ನನ್ಗೇ ಆಗ್ತಿರ್ಲಿಲ್ಲ." ಕಣ್ಣಲ್ಲಿ ನೀರು ತುಂಬಿಕೊಂಡಿತು. "ನನ್ನ ಕೈಯಾರೆ ಮಗಳ ಓದಿಗೆ ಮಣ್ಣು ಹಾಕ್ದೆ."

ಆ ಹೆಂಗಸಿನ ಅಳು ನೋಡಿ ನನಗೂ ತಡೆಯಲಾಗಲಿಲ್ಲ. ಹುದ್ದೆ, ಸಂಖ್ಯೆ, ಮರ್ಯಾದೆ ಎಲ್ಲ ಎಲ್ಲಿಗೋ ಹೋಯಿತು. ಪಕ್ಕಕ್ಕೆ ಸರಿದು ಅವರ ಕೈ ಹಿಡಿದುಕೊಂಡೆ. "ನೀಲಮ್ಮ, ತಾಯಿ ಮಗಳನ್ನ ಜೊತೆಗೆ ಕರ್ಕೊಂಡು ಹೋಗಿದ್ದು ತಪ್ಪು ಅಂತ ಯಾವ ನಿಯಮಾನೂ ಹೇಳಲ್ಲ. ನಿಮ್ಗೆ ಯಾರೂ ಹೇಳಿರ್ಲಿಲ್ಲ. ಹೇಳಬೇಕಾದವರು ನಾವು, ಟೀಚರುಗಳು. ಒಂದನೇ ಕ್ಲಾಸಿನಲ್ಲಿ ಟಿ.ಸಿ. ಬರೆದುಕೊಡೋವಾಗ ಒಂದು ಮಾತು ಹೇಳಿದ್ರೆ ಸಾಕಿತ್ತು. ಮಣ್ಣೇನೂ ಬಿದ್ದಿಲ್ಲ. ಒಂದು ಬಾಗ್ಲು ಮುಚ್ಚಿದೆ. ಬೇರೆ ಬಾಗ್ಲು ಇದಾವೆ."

ಸಿದ್ಧಲಿಂಗೇಶ್ ನಳಿಗೆಯನ್ನು ಕೆಳಗಿಟ್ಟರು. ಒಳಗೆ ಹೋಗಿ ಮಗಳ ನೋಟ್‌ಬುಕ್ಕು, ಪೆನ್ನು ತಂದು ನನ್ನ ಎದುರಿಗೆ ಕೂತರು. "ಅವತ್ತು ನೀವು ಹೇಳಿದ್ದು ನಾನು ಅರ್ಧ ಕಿವಿಲಿ ಕೇಳಿದ್ದೆ ಮೇಡಂ. ಮನಸ್ನಾಗೆ ಅನುಮಾನ ಇತ್ತು. ನಿಯಮ ಓದಿಸ್ದಾಗ್ಲೂ ಆ ಒಂದು ವರ್ಷ ನೆನಪಿಗೆ ಬರ್ಲಿಲ್ಲ. ಇವತ್ತು ನಿಮ್ಗೆ ಲುಕ್ಸಾನು ಆಗೋ ಮಾತು ಹೇಳಾಕೆ ಇಲ್ಲಿಗಂಟ ನಡ್ಕೊಂಡು ಬಂದೀರಿ. ಈಗ ಮೊದ್ಲಿಂದ ಹೇಳಿ. ಇವ್ಳೂ ಕೇಳ್ಲಿ. ನಾನು ಬರ್ಕೋತೀನಿ" ಎಂದರು.

ಮೊದಲಿನಿಂದ ಹೇಳಿದೆ, ಈ ಸಲ ಮೆತ್ತಗೆ. ಕೃಷಿ ಕಾಲೇಜಿಗೆ ಹೋಗಬೇಕೆಂದರೆ ಪಿಯುಸಿಯಲ್ಲಿ ಸೈನ್ಸೇ ಆಗಬೇಕು, ಅದರಲ್ಲಿ ಬಯಾಲಜಿ ಇರಲೇಬೇಕು. ಬಯಾಲಜಿ ಬಿಟ್ಟು ಕಂಪ್ಯೂಟರ್ ತೆಗೆದುಕೊಂಡರೆ ಆ ದಾರಿ ಅಲ್ಲಿಗೇ ಮುಗಿಯಿತು. ಆಮೇಲೆ ಸಿಇಟಿ. ರೈತರ ಮಕ್ಕಳಿಗೆಂದು ಅಲ್ಲಿ ಬೇರೆಯೇ ಸೀಟುಗಳಿವೆ. ಅದಕ್ಕೆ ಶಾಲೆ ಹಳ್ಳಿಯಲ್ಲಿತ್ತೋ ಪಟ್ಟಣದಲ್ಲಿತ್ತೋ ಎಂದು ಕೇಳುವುದಿಲ್ಲ. ಪಹಣಿ, ರೈತರೆಂಬ ಪತ್ರ ಬೇಕು, ಬೀಜ, ಗೊಬ್ಬರ, ಬೆಳೆ ತೋರಿಸಿ ಇದೇನು ಅದೇನು ಎಂದು ಪ್ರಾಯೋಗಿಕ ಪರೀಕ್ಷೆ ಮಾಡುತ್ತಾರೆ. "ಅದ್ರಲ್ಲಿ ನಿಮ್ಮ ಮಗಳನ್ನ ಸೋಲಿಸೋರು ಕಮ್ಮಿ" ಎಂದೆ. ನೀಲಾಂಬಿಕ ಸೆರಗಿನಲ್ಲಿ ಮೂಗು ಒರೆಸಿಕೊಂಡು ಮೊದಲ ಸಲ ಮುಖ ಎತ್ತಿದರು. ಕನ್ನಡ ಮೀಡಿಯಂನ ಕೋಟಾ ಇನ್ನೂ ಕೈಯಲ್ಲಿದೆ ಎಂದೆ. ಶಿಕಾರಿಪುರದಲ್ಲಿ ಓದಿದ್ದೂ ಕನ್ನಡ ಶಾಲೆಯೇ ಅಲ್ಲವೇ? ಇನ್ನೆರಡು ವರ್ಷ ಕನ್ನಡದಲ್ಲೇ ಓದಿದರೆ ಅದು ಉಳಿಯುತ್ತದೆ, ಇಂಗ್ಲಿಷ್ ಮೀಡಿಯಂಗೆ ಹೋದರೆ ಅದೂ ಹೋಗುತ್ತದೆ.

ಅವರು ಒಂದೊಂದನ್ನೂ ನಿಧಾನವಾಗಿ ಬರೆದುಕೊಂಡರು. ಅಕ್ಷರ ಮಗಳಿಗಿಂತ ದುಂಡಗಿತ್ತು.

"ಹಂಗಾರೆ ಕನ್ನಡ ಮೀಡಿಯಂ ಖಾತ್ರಿ" ಎಂದರು ಬರೆದು ಮುಗಿಸಿ. "ಹಳ್ಳಿ ಪಟ್ಟಣದ ಪ್ರಶ್ನೆ ಈಗ ಇಲ್ಲ. ಮೇಡಂ, ನಮ್ಮ ಸ್ಕೂಲ್ನಾಗೆ ಸೈನ್ಸ್ ಯಾರು ಹೇಳ್ಕೊಡ್ತಾರೆ?"

ಈ ಪ್ರಶ್ನೆ ಬರುತ್ತದೆ ಎಂದು ನನಗೆ ದಾರಿಯಲ್ಲೇ ಗೊತ್ತಿತ್ತು. ವಿಜ್ಞಾನದ ಹುದ್ದೆ ಒಂದೂವರೆ ವರ್ಷದಿಂದ ಖಾಲಿ ಇತ್ತು. ಅತಿಥಿ ಶಿಕ್ಷಕಿ ಬಂದರೆ ಬಂದರು, ಇಲ್ಲದ ದಿನ ನಾನೇ ಪಾಠಪುಸ್ತಕ ಓದಿಸುತ್ತಿದ್ದೆ. ಬಂದ ಮೇಲೆ ಅರ್ಧ ನಿಜ ಹೇಳಿ ಏನು ಪ್ರಯೋಜನ? ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಶಿಕಾರಿಪುರದ ಸರ್ಕಾರಿ ಹೈಸ್ಕೂಲಿನಾಗೆ?"

"ಅಲ್ಲಿ ಇದಾರೆ. ಲ್ಯಾಬೂ ಇದೆ. ಕನ್ನಡ ಮೀಡಿಯಮ್ಮೇ."

ಗಂಗಾಶ್ರೀ ಯಾವಾಗ ಬಂದು ಬಾಗಿಲ ಹಿಂದೆ ನಿಂತಿದ್ದಳೋ, ಈಗ ಕಾಣಿಸಿಕೊಂಡಳು. ಪಕ್ಕದಲ್ಲಿ ಏಳು ವರ್ಷದ ತಂಗಿ ಅವಳ ಲಂಗದ ಚುಂಗು ಹಿಡಿದಿದ್ದಳು.

"ನೀವು ಹೇಳ್ರಿ ಅಕ್ಕೋರೆ" ಎಂದರು ನೀಲಾಂಬಿಕ. "ನಿಮ್ಮ ಮಗಳೇ ಆಗಿದ್ರೆ ಎಲ್ಲಿ ಹಾಕ್ತಿದ್ರಿ?"

ನನ್ನ ಮಗಳು ಶಾಹೀನ್ ಇಂಗ್ಲಿಷ್ ಮೀಡಿಯಂನಲ್ಲಿ ಓದುತ್ತಾಳೆ. ಎಲ್ಲರೂ ಹಾಕುತ್ತಾರೆಂದು ನಾನೂ ಹಾಕಿದ್ದೆ. ಯಾವ ನಿಯಮವನ್ನೂ ನೋಡಿರಲಿಲ್ಲ. ಅದನ್ನೂ ಹೇಳಿಬಿಟ್ಟೆ. ಊರಿನವರಿಗೆ ಗೊತ್ತಿಲ್ಲದ್ದೇನಲ್ಲ. ಆಮೇಲೆ, "ಗಂಗಾ ನನ್ನ ಮಗಳಾಗಿದ್ರೆ, ಅವಳಿಗೆ ಮಣ್ಣು ನೋಡೋ ಮೇಡಂ ಆಗಬೇಕು ಅಂತ ಇದ್ರೆ, ಸೈನ್ಸ್ ಟೀಚರ್ ಇರೋ ಕಡೆ ಕಳಿಸ್ತಿದ್ದೆ" ಎಂದೆ. ನನ್ನ ಕೈಯಿಂದ ನನ್ನ ಬುಡಕ್ಕೇ ಕೊಡಲಿ ಹಾಕಿಕೊಂಡಿದ್ದೆ. ಸುಳ್ಳೇಕೆ ಹೇಳಲಿ, ಆ ಹುಡುಗಿ ಇಲ್ಲದ ಕ್ಲಾಸಿನಲ್ಲಿ ಪಾಠ ಮಾಡುವುದನ್ನು ನೆನೆದೇ ಬೇಸರವಾಯಿತು. ಹುದ್ದೆಯ ಚಿಂತೆ ಅದರ ಹಿಂದೆ ಬಂತು.

ಸಿದ್ಧಲಿಂಗೇಶ್ ಮಗಳನ್ನು ಕರೆದು ಕೇಳಿದರು. ಅವರು ಮಗಳನ್ನು ಕೇಳಿದ್ದು ನನಗೆ ಇಷ್ಟವಾಯಿತು. ಗಂಗಾಶ್ರೀ ಒಮ್ಮೆ ನನ್ನ ಮುಖ, ಒಮ್ಮೆ ಅಮ್ಮನ ಮುಖ ನೋಡಿ, "ಅಜ್ಜಿ ಮನೇಲಿದ್ದು ಹೋಗ್ತೀನಿ. ಶನಿವಾರ ಬರ್ತೀನಿ" ಎಂದಳು.

ನನ್ನನ್ನು ಬೈಕಿನಲ್ಲಿ ಬಸ್ ಸ್ಟಾಪಿಗೆ ಬಿಡುವಾಗ ಸಿದ್ಧಲಿಂಗೇಶ್, "ನಿಮ್ಮ ಪೋಸ್ಟು?" ಎಂದು ಕೇಳಿದರು. ನೋಡೋಣ ಎಂದೆ. ಅವರು ಬಸ್ಸು ಬರುವವರೆಗೆ ಪಕ್ಕದಲ್ಲೇ ನಿಂತಿದ್ದರು.

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದರು. ನೀಲಾಂಬಿಕ ಆ ಶಾಲೆಯ ಮೆಟ್ಟಿಲು ಹತ್ತಿದ್ದು ಬಹುಶಃ ಅದೇ ಮೊದಲು. ಹೆಡ್‌ಮಾಸ್ಟರ್ ಟಿ.ಸಿ.ಗೆ ಸಹಿ ಹಾಕಿದರು. ಬರೆದದ್ದು ನಾನೇ. ಗಂಗಾಶ್ರೀ ನಮಸ್ಕಾರ ಮಾಡಲು ಬಗ್ಗಿದಾಗ ತಲೆ ಸವರಿ, ಬಯಾಲಜಿ ಮರೆಯಬೇಡ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಹೋಗಿದ್ದರೆ ಅತ್ತುಬಿಡುತ್ತಿದ್ದೆ.

ಅವರನ್ನು ಬೀಳ್ಕೊಡಲು ಅಂಗಳಕ್ಕೆ ಬಂದೆ. ನಮ್ಮದೂ ಪ್ರೈಮರಿ ಶಾಲೆಯದೂ ಒಂದೇ ಅಂಗಳ. ಪ್ರೈಮರಿಯ ಆಫೀಸಿನ ಮುಂದೆ ಒಬ್ಬ ಹೆಂಗಸು ಕಟ್ಟೆಯ ಮೇಲೆ ಕೂತಿದ್ದಳು. ಸುನಿತಾ ಎಂದು, ನೀಲಾಂಬಿಕರ ಕೇರಿಯವಳೇ. ಏಳು ತಿಂಗಳ ಬಸುರಿ. ಒಂದನೇ ಕ್ಲಾಸು ಮುಗಿಸಿದ ಅವಳ ಮಗು ಚಿನ್ನಿ ತಾಯಿಯ ತೊಡೆಗೆ ಒರಗಿ ನಿಂತಿತ್ತು. ಸುನಿತಾಳ ಕೈಯಲ್ಲಿ ಒಂದು ಅರ್ಜಿ.

"ಏನೇ ಸುನಿತಾ, ಇಲ್ಲಿ?" ಎಂದು ನೀಲಾಂಬಿಕ ಕೇಳಿದರು.

"ಇವಳ್ದು ಟಿ.ಸಿ. ತಗೊಳ್ಳಾನ ಅಂತ ಅಕ್ಕಾ. ಬುಧವಾರ ಸೊರಬಕ್ಕೆ, ತವರಿಗೆ ಹೋಗ್ತೀನಿ. ಇನ್ನು ಮುಂದಿನ ಬೇಸ್ಗೆಗೇ ಬರೋದು. ಮನೇಲಿ ಅತ್ತೆಗೆ ಕೈಲಾಗಲ್ಲ, ಇವ್ರು ದಿನಾ ಲಾರಿ ಮೇಲೆ. ಅದ್ಕೇ ಇವಳ್ನ ಅಲ್ಲೇ ಎರಡನೇದಕ್ಕೆ ಹಾಕ್ತೀನಿ."

ನೀಲಾಂಬಿಕ ನಿಂತಲ್ಲೇ ನಿಂತರು. ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ನನ್ನ ಕಡೆ ತಿರುಗಿಯೂ ನೋಡದೆ ಕೈ ಅಡ್ಡ ಹಿಡಿದರು. ಕಟ್ಟೆಯ ಹತ್ತಿರ ಹೋಗಿ ಸುನಿತಾಳ ಪಕ್ಕ ಕೂತರು.

"ಸುನಿತಾ, ಇಲ್ಲಿ ಕೇಳು. ನಾನೂ ಹಿಂಗೇ ಮಾಡಿದ್ದೆ. ಒಂದೇ ಒಂದು ವರ್ಷ. ಗಂಗಾಗೆ ಹಳ್ಳಿ ಸೀಟು ಹೋತು" ಎಂದು ಶುರು ಮಾಡಿದರು. ಒಂದರಿಂದ ಹತ್ತರವರೆಗೆ ಬೆರಳು ಮಡಚಿ ಹೇಳಿದರು. ಊರಿನ ಶಾಲೆ ಯಾಕೆ, ಪಟ್ಟಣದ ಶಾಲೆ ಯಾಕಲ್ಲ, ಒಂದು ವರ್ಷ ತಪ್ಪಿದರೆ ಏನಾಗುತ್ತದೆ, ಅದು ಯಾವಾಗ ಗೊತ್ತಾಗುತ್ತದೆ, ಎಲ್ಲ. ನಾನು ಬೋರ್ಡಿನ ಮೇಲೆ ಸೀಮೆಸುಣ್ಣ ಮುರಿದು ಹೇಳಿದ್ದಕ್ಕಿಂತ ನೂರು ಪಾಲು ಚೆನ್ನಾಗಿ ಹೇಳಿದರು. ಸುನಿತಾ ಕೇಳುತ್ತಾ ಕೇಳುತ್ತಾ ಅರ್ಜಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಗೊತ್ತಾತು ಅಕ್ಕಾ. ಆದ್ರೆ ನಾನೇನು ಮಾಡ್ಲಿ? ಇವಳ್ನ ಎಲ್ಲಿ ಬಿಡ್ಲಿ?"

ನೀಲಾಂಬಿಕ ಗೇಟಿನ ಕಡೆ ನೋಡಿದರು. ಅಲ್ಲಿ ಗಂಗಾಶ್ರೀ ಟಿ.ಸಿ.ಯ ಕವರು ಹಿಡಿದುಕೊಂಡು ಅಪ್ಪನ ಬೈಕಿನ ಪಕ್ಕ ನಿಂತಿದ್ದಳು. ನೀಲಾಂಬಿಕ ಚಿನ್ನಿಯನ್ನು ತಮ್ಮ ಕಡೆಗೆ ಎಳೆದುಕೊಂಡು, ಬಿಚ್ಚಿಹೋಗಿದ್ದ ಅದರ ಜಡೆಯ ರಿಬ್ಬನ್ನು ಬಿಗಿಯಾಗಿ ಕಟ್ಟಿದರು.

"ನಮ್ಮನೇಲಿ ಬಿಡು" ಎಂದರು. "ಗಂಗಾ ಮಲ್ಗೋ ಜಾಗ ಇವತ್ತಿಂದ ಖಾಲಿ ಐತೆ."